ನೇರಳೆ ಶಾಯಿಯ ಲೆಕ್ಕ

ಮನ್ರೋದ ಮನೆಯ ಗ್ಯಾರೇಜಿನಲ್ಲಿ ಆ ರಟ್ಟಿನ ಪೆಟ್ಟಿಗೆಯ ಟೇಪು ಕಿತ್ತಾಗ ಮೊದಲು ಬಂದದ್ದು ಸ್ಪಿರಿಟ್ಟಿನ ವಾಸನೆ. ಇಷ್ಟು ವರ್ಷದ ಮೇಲೆ ಅದು ಉಳಿದಿರಲು ಸಾಧ್ಯವೇ ಇಲ್ಲ ಅನ್ನುವುದು ನನಗೂ ಗೊತ್ತು. ಸ್ಪಿರಿಟ್ಟು ಆರಿಹೋಗುವ ವಸ್ತು, ಒಳಗಿದ್ದದ್ದು ಹಳೇ ಕಾಗದದ ಮುಗ್ಗಲು ಅಷ್ಟೇ. ಆದರೆ ಮೂಗಿಗೆ ಯಾರು ಬುದ್ಧಿ ಹೇಳಬೇಕು? ಅದು ತನ್ನ ಪಾಡಿಗೆ ನನ್ನನ್ನು ಹನ್ನೊಂದು ವರ್ಷದ ಹುಡುಗಿಯನ್ನಾಗಿ ಮಾಡಿ, ಒಂದು ಇಟ್ಟಿಗೆ ಕಟ್ಟಡದ ಕಾರಿಡಾರಿನಲ್ಲಿ ನಿಲ್ಲಿಸಿಬಿಟ್ಟಿತು. ಈಗ ಅಪ್ಪ ತೀರಿಹೋಗಿ ಆಗಲೇ ವರ್ಷವಾಗಿತ್ತು. ಅವ್ವ ಮನೆ ಮಾರಿ ನನ್ನ ಜೊತೆ ಬಂದಿರಲು ಕೊನೆಗೂ ಒಪ್ಪಿದ್ದಳು. ನಾವಿಬ್ಬರೂ ಸೇರಿ ಗ್ಯಾರೇಜು ಖಾಲಿ ಮಾಡುತ್ತಿದ್ದೆವು, ಅಂದರೆ ನಾನು ಎತ್ತುತ್ತಿದ್ದೆ, ಅವಳು ಮಡಚುವ ಕುರ್ಚಿಯಲ್ಲಿ ಕೂತು ಹುಕುಂ ಕೊಡುತ್ತಿದ್ದಳು. ಪೆಟ್ಟಿಗೆಯ ಮೇಲೆ ಅಪ್ಪನ ಕೈಬರಹದಲ್ಲಿ ಒಂದೇ ಒಂದು ಪದ ಇತ್ತು, "ಶಾಲೆ" ಅಂತ.

ಅಪ್ಪ ಮೇಷ್ಟ್ರಾಗಿದ್ದ. ಇದನ್ನು ಈಗ ಹೇಳಿದರೆ ಏನೂ ಅನ್ನಿಸುವುದಿಲ್ಲ, ಆದರೆ ನ್ಯೂಯಾರ್ಕಿನಾಚೆಯ ನಮ್ಮೂರು, ಆ ಕಾಲದ ಪ್ಲೇನ್ಸ್‌ಬರೋ ನೆನಪಿದ್ದವರಿಗೆ ಗೊತ್ತಾಗುತ್ತದೆ. ನಮ್ಮ ಅಪಾರ್ಟ್‌ಮೆಂಟ್ ಕಾಂಪ್ಲೆಕ್ಸಿನಲ್ಲಿ ಯಾವ ಬಾಗಿಲು ತಟ್ಟಿದರೂ ಒಬ್ಬ ಕಂಪ್ಯೂಟರಿನವರು ಸಿಗುತ್ತಿದ್ದರು. ಎರಡು ಸಾವಿರನೇ ಇಸವಿ ಹತ್ತಿರ ಬಂದ ಹಾಗೆಲ್ಲ, ಹಳೇ ಪ್ರೋಗ್ರಾಮುಗಳ ತಾರೀಕು ತಿದ್ದಲು, ಅವರಿಗೆ ಡಿಮ್ಯಾಂಡೋ ಡಿಮ್ಯಾಂಡು. ಅಂಥವರ ನಡುವೆ ಗಣಿತದಲ್ಲಿ ಪಿಎಚ್‌ಡಿ ಮಾಡಿದ ನಮ್ಮಪ್ಪನೊಬ್ಬ ಬೆಳಿಗ್ಗೆ ಹಳೇ ಕಾರಿನಲ್ಲಿ ಒಂದು ಯಹೂದಿ ಶಾಲೆಗೆ ಹೋಗಿ ಏಳನೇ, ಎಂಟನೇ ಕ್ಲಾಸಿನವರಿಗೆ ಭಿನ್ನರಾಶಿ ಹೇಳಿಕೊಟ್ಟು ಬರುತ್ತಿದ್ದ. ಮನೆಗೊಂದು ಅಡುಗೆ ತಂದು ಸೇರುವ ಪಾಟ್‌ಲಕ್ಕುಗಳಲ್ಲಿ ಅಂಕಲ್‌ಗಳು "ಏನ್ ಮೇಷ್ಟ್ರೇ" ಅಂತ ಕರೆಯುವಾಗ ಅದರಲ್ಲಿ ಪ್ರೀತಿ ಎಷ್ಟಿತ್ತೋ ಅಯ್ಯೋ ಪಾಪವೂ ಅಷ್ಟೇ ಇತ್ತು. ಅವ್ವನಿಗೆ ಅದು ಚುಚ್ಚುತ್ತಿತ್ತು, ಅಪ್ಪನಿಗೆ ಮಾತ್ರ ಏನೇನೂ ಆಗುತ್ತಿರಲಿಲ್ಲ. ಮೇಷ್ಟ್ರ ಮಕ್ಕಳಿಗೆ ಅಲ್ಲಿ ಫೀಸಿಲ್ಲ, ಹಾಗಾಗಿ ನಾನೂ ಅದೇ ಶಾಲೆಯಲ್ಲಿ ಓದಿದೆ. ಯಹೂದಿಗಳಲ್ಲದ ಮಕ್ಕಳು ಇಡೀ ಶಾಲೆಗೆ ಮೂವರೋ ನಾಲ್ವರೋ ಇದ್ದೆವು. ಮಾಂಸದ ಊಟ ತರುವಂತಿಲ್ಲ ಅನ್ನುವ ನಿಯಮ ನಮ್ಮ ಚಪಾತಿ ಪಲ್ಯದ ಡಬ್ಬಿಗೆ ತಟ್ಟಲೇ ಇಲ್ಲ. ಸಂಜೆಗೆ ಅವರ ವಾರದ ವಿಶ್ರಾಂತಿ ಶುರುವಾಗುತ್ತದೆಂದು ಶುಕ್ರವಾರ ಮಧ್ಯಾಹ್ನ ಬೇಗ ಮನೆಗೆ ಬಿಡುತ್ತಿದ್ದರು. ಹೀಬ್ರೂ ಬಲದಿಂದ ಎಡಕ್ಕೆ ಓದಲು ಕಲಿತೆ. ಆರನೇ ಕ್ಲಾಸಿನಲ್ಲಿ ಹೀಬ್ರೂ ಓದಿನಲ್ಲಿ ನನಗೇ ಸರ್ಟಿಫಿಕೇಟು ಬಂದಾಗ ಅವ್ವ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಕನ್ನಡ ಓದು ಅಂದ್ರ ಆಕಳಿಸ್ತದ, ಇದ್ರಾಗ ಫಸ್ಟ್ ಬಂದದ ನೋಡ್ರಿ" ಅಂದಿದ್ದಳು.

ಊರಿಗೆಲ್ಲ ಫೋಟೊಕಾಪಿ ಬಂದು ಎಷ್ಟೋ ಕಾಲವಾಗಿದ್ದರೂ ನಮ್ಮ ಬಡ ಶಾಲೆಯಲ್ಲಿ ಇನ್ನೂ ಡಿಟ್ಟೊ ಮಷೀನೇ ಇತ್ತು. ಮೂಲ ಹಾಳೆಯ ಮೇಲೆ ಒತ್ತಿ ಬರೆದರೆ ಕೆಳಗಿನ ಮಸಿ ಕಾಗದದಿಂದ ಅದರ ಬೆನ್ನಿಗೆ ನೇರಳೆ ಮಸಿ ಅಂಟಿಕೊಳ್ಳುತ್ತಿತ್ತು. ಆ ಹಾಳೆಯನ್ನು ಉರುಳೆಗೆ ಸಿಕ್ಕಿಸಿ, ಸ್ಪಿರಿಟ್ಟು ಹಾಕಿ ಹಿಡಿಕೆ ತಿರುಗಿಸಿದರೆ ಒಂದರ ಹಿಂದೊಂದು ಪ್ರತಿಗಳು ತಣ್ಣಗೆ, ಒದ್ದೆಯಾಗಿ ಹೊರಗೆ ಬೀಳುತ್ತಿದ್ದವು. ಕೈಗೆ ಕೊಟ್ಟ ಕೂಡಲೇ ಇಡೀ ಕ್ಲಾಸು ಮೂಗಿಗೆ ಹಿಡಿದು ವಾಸನೆ ಎಳೆಯುತ್ತಿತ್ತು. ಅಪ್ಪನ ಹೆಬ್ಬೆರಳು ವರ್ಷದ ಹತ್ತು ತಿಂಗಳು ನೇರಳೆಯೇ. ಅವ್ವ ಅನ್ನಕ್ಕೆ ಸಾರು ಹಾಕುವಾಗ ಆ ಬೆರಳನ್ನು ನೋಡಿ "ಸಾಬೂನು ಮುಟ್ಟೇದ ಏನು ಅದಕ್ಕ?" ಅಂತ ದಿನಾ ಕೇಳುವಳು, ಅವನು ದಿನಾ ತೊಳೆದು ಬಂದವನೇ ಆಗಿರುತ್ತಿದ್ದ. ಆ ಪ್ರತಿಯೊಂದು ಹಾಳೆಯ ನೆತ್ತಿಯಲ್ಲೂ ಚಿಕ್ಕದಾಗಿ ಒಂದು "ಶ್ರೀ" ಇರುತ್ತಿತ್ತು. ಗದಗಿನ ಶಾಲೆಯಲ್ಲಿ ಮೊದಲ ಪಾಟಿ ಹಿಡಿದಾಗಿನ ರೂಢಿ ಅದು. ಶ್ರೀ ಬರೆಯದೆ ಅವನ ಕೈ ಮುಂದಕ್ಕೇ ಓಡುತ್ತಿರಲಿಲ್ಲ, ಕಿರಾಣಿ ಚೀಟಿಯ ಮೇಲೂ ಶ್ರೀ, ಆಮೇಲೆ ಹಾಲು. ನಾಲ್ಕು ವರ್ಷ ಆ ಶಾಲೆಯಲ್ಲಿ ಯಾರೂ ಇದೇನೆಂದು ಕೇಳಲಿಲ್ಲ. ಯಾಕೆಂದರೆ ಹೀಬ್ರೂ ಟೀಚರುಗಳೂ ಪ್ರತಿ ಹಾಳೆಯ ಮೂಲೆಯಲ್ಲಿ ಎರಡು ಪುಟ್ಟ ಅಕ್ಷರ ಬರೆಯುತ್ತಿದ್ದರು, ದೇವರ ದಯದಿಂದ ಅನ್ನುವ ಅರ್ಥದ್ದು. ಅಪ್ಪನದೂ ಅದೇ, ಬೇರೆ ಲಿಪಿಯಲ್ಲಿ, ಅಂತ ಮಕ್ಕಳು ತಿಳಿದಿದ್ದರು.

ಶಾಲೆಯ ವರ್ಷ ಮುಗಿಯುವ ಜೂನ್ ಬಂತೆಂದರೆ ಜಿಮ್ಮಿನ ದೊಡ್ಡ ಹಾಲಿನಲ್ಲಿ ಮಡಚುವ ಕುರ್ಚಿಗಳನ್ನು ಸಾಲಾಗಿ ಹಾಕಿ ಬಹುಮಾನ ಕೊಡುತ್ತಿದ್ದರು. ವಿಜ್ಞಾನಕ್ಕೆ, ಕಂಠಪಾಠಕ್ಕೆ, ಎಂಟನೇ ಕ್ಲಾಸು ಮುಗಿಸಿದವರಿಗೆ, ಒಂದು ಗ್ರಂಥವನ್ನು ಪೂರ್ತಿ ಓದಿ ಮುಗಿಸಿದವರಿಗೆ, ಎಲ್ಲರಿಗೂ ಏನಾದರೊಂದು. ತಾಯಂದಿರು ಕ್ರೀಮ್ ಚೀಸ್ ಮೆತ್ತಿದ ಬೇಗಲ್ ಬ್ರೆಡ್ಡಿನ ತಟ್ಟೆ ಹಿಡಿದು ಓಡಾಡುತ್ತಿದ್ದರು. ಆದರೆ ಏಳು, ಎಂಟನೇ ಕ್ಲಾಸಿನವರು ಒಬ್ಬರನ್ನೊಬ್ಬರು ಕೇಳುತ್ತಿದ್ದದ್ದು ಬೇರೆಯೇ: ಈ ಸಲ ಲೆಕ್ಕದಲ್ಲಿ ಯಾರು ಬಂದರು? ಅಪ್ಪ ವರ್ಷದ ಕೊನೆಯ ಪರೀಕ್ಷೆಯ ಕೊನೆಯ ಲೆಕ್ಕದಲ್ಲಿ ಒಂದು ಮಗುವಿನ ಹೆಸರು ಹಾಕುತ್ತಿದ್ದ. ಹೆಚ್ಚು ಮಾರ್ಕ್ಸ್ ಬಂದವರದಲ್ಲ, ಹೆಚ್ಚು ಒದ್ದಾಡಿ ಮೇಲೆ ಬಂದವರದು. ಡಿಸೆಂಬರಿನಲ್ಲಿ ಎರಡು ಸಲ ಫೇಲಾಗಿದ್ದ ಏರಿ ಅನ್ನುವ ಹುಡುಗ ಜೂನಿನ ಲೆಕ್ಕದಲ್ಲಿ ಬ್ರೆಡ್ ಅಂಗಡಿ ಇಟ್ಟು, ದಿನಕ್ಕೆ ಇಷ್ಟು ಬ್ರೆಡ್ ಮಾರಿ, ಎಲ್ಲರಿಗಿಂತ ಮೊದಲು ತಾನೇ ಆ ಲೆಕ್ಕ ಬಿಡಿಸಿದ. ಅವನ ತಾಯಿ ಆ ನೇರಳೆ ಹಾಳೆಗೆ ಫ್ರೇಮು ಹಾಕಿಸಿದಳಂತೆ.

ನನಗೆ ಆ ಲೆಕ್ಕದಲ್ಲಿ ಬರಬೇಕಿತ್ತು. ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಆ ವಯಸ್ಸಿನಲ್ಲಿ ನನಗೆ ಅದಕ್ಕಿಂತ ದೊಡ್ಡ ಆಸೆ ಇನ್ನೊಂದಿರಲಿಲ್ಲ. ನಾಲ್ಕು ವರ್ಷ ಅಪ್ಪ ಊಟದ ಮೇಜಿನ ಮೇಲೆ ಲೆಕ್ಕ ಕಟ್ಟುವುದನ್ನು ನೋಡಿದ್ದೆ, ಊರ ಮಕ್ಕಳೆಲ್ಲ ಅದರಲ್ಲಿ ಓಡಿದರು, ಈಜಿದರು, ಸೇಬು ಹಂಚಿದರು. ನನ್ನ ಹೆಸರು ಹಾಕೆಂದು ಎಷ್ಟು ಪೀಡಿಸಿದರೂ "ಗೌರಿ, ನನ್ನ ಕ್ಲಾಸಿಗೆ ಬಾ ಮೊದಲ, ಆಮ್ಯಾಲ ನೋಡೋಣು. ಮಗಳಂತ ಬಿಟ್ಟಿ ಹಾಕಾಕ ಬರೂದಿಲ್ಲವಾ" ಅನ್ನುತ್ತಿದ್ದ. ಏಳನೇ ಕ್ಲಾಸಿಗೆ ಇನ್ನೊಂದೇ ಬೇಸಿಗೆ ಬಾಕಿ ಇತ್ತು. ಅಷ್ಟರಲ್ಲಿ ಕುಲಕರ್ಣಿ ಅಂಕಲ್ ಬಂದರು.

ಕುಲಕರ್ಣಿ ಅಂಕಲ್ ಅಪ್ಪನ ಧಾರವಾಡದ ಗೆಳೆಯ, ಬಾಯಿ ಜೋರು, ಮನಸ್ಸು ಬೆಣ್ಣೆ. ಒಂದು ಭಾನುವಾರ ನಮ್ಮ ಸೋಫಾದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು, "ಲೇ, ನಿನಗ ಲಾಜಿಕ್ ನೀರು ಕುಡಿದಂಗ. ಕೋಬಾಲ್ ಪ್ರೋಗ್ರಾಮಿಂಗ್ ಕಲಿಯೂದು ಏನು ಹದಿನೈದು ದಿನದ ಕೆಲಸ. ನಮ್ಮ ಕಂಪನ್ಯಾಗ ನಾ ಮಾತಾಡೀನಿ, ಹ್ಞೂಂ ಅನ್ನು ಸಾಕು" ಅಂದರು. ಅಪ್ಪ ನಕ್ಕು ಚಹಾ ಬಸಿಯುತ್ತ ಕೂತ. ಅವರು ಹೋದ ಮೇಲೆ ಅವ್ವ ಜಗಳವಾಡಲಿಲ್ಲ. ಜಗಳವಾಡಿದ್ದರೆ ಅಪ್ಪ ಗೆಲ್ಲುತ್ತಿದ್ದನೇನೋ. ಅವಳು ಕಪ್ಪುಗಳನ್ನು ಎತ್ತುತ್ತ, "ನೀವು ಕಲಿಸೂದು ನನಗೂ ಸೇರ್ತದರೀ. ಆದ್ರ ಮೇಲಿನ ಮನಿಯವರು ನಡದ್ರ ನಮ್ಮ ತಲಿಮ್ಯಾಲ ನಡದಂಗ ಆಗ್ತದ. ನಂದೊಂದು ಬಾಗಲ, ನಂದೊಂದು ತುಳಸಿ ಕಟ್ಟಿ, ಅಷ್ಟು ಸಾಕು ನನಗ" ಅಂದಳು. ಅಪ್ಪನ ಮುಖ ಸಣ್ಣದಾಯಿತು. ಮೇ ತಿಂಗಳ ಕೊನೆಗೆ ಅವನು ಶಾಲೆಗೆ ರಾಜೀನಾಮೆ ಕೊಟ್ಟ. ನನಗೆ ಹೇಳಿದ್ದು ಕಾರಿನಲ್ಲಿ, ರಸ್ತೆಯ ಮೇಲಿನ ಕಣ್ಣು ತೆಗೆಯದೆ. ಅವನಿಲ್ಲದಿದ್ದರೆ ನನಗೂ ಆ ಶಾಲೆಯಿಲ್ಲ ಅನ್ನುವುದನ್ನು ಅವನು ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಅವತ್ತಿಂದ ನಾನು ಅವನ ಜೊತೆ ಮಾತು ಬಿಟ್ಟೆ.

ಕೊನೆಯ ದಿನ ಮಕ್ಕಳೆಲ್ಲ ಡೆಸ್ಕು, ಲಾಕರು ಖಾಲಿ ಮಾಡುವುದು ಪದ್ಧತಿ. ಲೈಬ್ರರಿಯ ಬಾಗಿಲಲ್ಲಿ ಒಂದು ದೊಡ್ಡ ಪೆಟ್ಟಿಗೆ ಇಡುತ್ತಿದ್ದರು. ದೇವರ ಹೆಸರಿರುವ ಹರಕು ಪುಸ್ತಕ, ಹಾಳೆ ಏನಿದ್ದರೂ ಅದರೊಳಗೆ ಹಾಕಬೇಕು. ಅವನ್ನು ಕಸಕ್ಕೆ ಎಸೆಯುವಂತಿಲ್ಲ, ಬೇಸಿಗೆಯಲ್ಲಿ ಹಿರಿಯರು ಒಯ್ದು ಸ್ಮಶಾನದ ಮಣ್ಣಿನಲ್ಲಿ ಮರ್ಯಾದೆಯಿಂದ ಹೂಳುತ್ತಾರೆ. ಪೆಟ್ಟಿಗೆಯ ಪಕ್ಕ ಜೂನಿನ ಸೆಕೆಯಲ್ಲೂ ಸ್ವೆಟರು ತೊಟ್ಟ ಅವರ ಧರ್ಮಗುರು, ಮುದುಕ ರಬ್ಬಿ, ಕುರ್ಚಿ ಹಾಕಿಕೊಂಡು ಕೂತು, ಯಾವುದು ಒಳಗೆ, ಯಾವುದು ಕಸಕ್ಕೆ ಅಂತ ಹೇಳುತ್ತಿದ್ದರು. ಟೀಚರುಗಳ ಆ ಎರಡು ಅಕ್ಷರದ ಹಾಳೆ ಕಸಕ್ಕೇ, ಯಾಕೆಂದರೆ ಅದು ಚುಟುಕು ರೂಪ, ಪೂರ್ತಿ ಹೆಸರಲ್ಲ. ಆಗ ಮಿರಿಯಮ್ ಅನ್ನುವ ಏಳನೇ ಕ್ಲಾಸಿನ ಹುಡುಗಿ, ಮಹಾ ತಲೆಹರಟೆ, ಅಪ್ಪನ ಲೆಕ್ಕದ ಹಾಳೆ ಹಿಡಿದು ಅಲ್ಲೇ ನಿಂತಿದ್ದ ಅವನನ್ನೇ ಕೇಳಿದಳು: ನಿಮ್ಮದು ಚುಟುಕೋ, ಪೂರ್ತಿ ಹೆಸರೋ?

ಅಪ್ಪನಿಗೆ ಸುಳ್ಳು ಬರುತ್ತಿರಲಿಲ್ಲ, ಅದೊಂದು ರೋಗ ಅವನಿಗೆ. "ಒಂದೇ ಅಕ್ಷರ, ಆದರೆ ಪೂರ್ತಿ. ನಮ್ಮ ದೇವರ ಹೆಸರು" ಅಂದುಬಿಟ್ಟ. ಮಕ್ಕಳು ಕಸದ ಚೀಲದೊಳಗೆ ಕೈ ಹಾಕಿ ಆಗಲೇ ಎಸೆದಿದ್ದ ಹಾಳೆಗಳನ್ನು ಹೊರಗೆ ತೆಗೆಯತೊಡಗಿದರು. ಎಲ್ಲರೂ ರಬ್ಬಿಯ ಕಡೆ ನೋಡಿದರು. ರಬ್ಬಿ ಕನ್ನಡಕ ಏರಿಸಿ ಹಾಳೆಯನ್ನು ತುಂಬ ಹೊತ್ತು ನೋಡಿದರು. ಆಮೇಲೆ, "ಇದು ನಮ್ಮ ಪೆಟ್ಟಿಗೆಗೆ ಸೇರುವುದಿಲ್ಲ. ಇದು ನಾವು ಕರೆಯುವ ಹೆಸರಲ್ಲ" ಅಂದರು. ಅಪ್ಪ ತಲೆಯಾಡಿಸಿದ. ರಬ್ಬಿ ಮಾತು ಮುಗಿಸಿರಲಿಲ್ಲ. "ಕಸದ ಚೀಲಕ್ಕೂ ಸೇರುವುದಿಲ್ಲ. ಇವರು ಇದನ್ನು ಭಕ್ತಿಯಿಂದ ಬರೆದಿದ್ದಾರೆ, ನೀವು ಇದರಿಂದ ಕಲಿತಿದ್ದೀರಿ" ಅಂದು, ಮಂಡಿ ಹಿಡಿದುಕೊಂಡು ಎದ್ದು ಲೈಬ್ರರಿಯೊಳಗಿಂದ ಒಂದು ಖಾಲಿ ರಟ್ಟಿನ ಪೆಟ್ಟಿಗೆ ತಂದು ಅಪ್ಪನ ಮುಂದಿಟ್ಟರು. ಹಳೆಯದಾದಾಗ ನಿಮ್ಮ ಮಣ್ಣಿಗೆ ಹಾಕಿ ಅಂದರು.

ಅಪ್ಪ ತನ್ನ ಕ್ಲಾಸಿನೊಳಗೆ ಹೋಗಿ ಮೊದಲು ತನ್ನ ಮೇಜಿನ ಡ್ರಾಯರಿನಲ್ಲಿದ್ದ ಹಾಳೆಗಳನ್ನೆಲ್ಲ ತಂದು ಪೆಟ್ಟಿಗೆಯ ತಳಕ್ಕೆ ಹಾಕಿದ. ಅದರ ಮೇಲೆ ಮಕ್ಕಳು ಸಾಲಾಗಿ ಬಂದು ತಮ್ಮ ತಮ್ಮ ಹಾಳೆ ಇಟ್ಟು ಹೋದರು. ಮುದುರಿದ್ದು, ಜೆಲ್ಲಿ ಮೆತ್ತಿದ್ದು, ರಾಕೆಟ್ ಮಾಡಿ ಬಿಚ್ಚಿದ್ದು, ಎಲ್ಲ ಬಂತು. ಏರಿ ತನ್ನ ಬ್ರೆಡ್ಡಿನ ಲೆಕ್ಕ ಮನೆಯಲ್ಲಿದೆ, ಅದನ್ನು ಮಾತ್ರ ಕೊಡುವುದಿಲ್ಲ ಅಂದ. ಮನೆಗೆ ಹೋಗುವಾಗ ಪೆಟ್ಟಿಗೆ ಹಿಂದಿನ ಸೀಟಿನಲ್ಲಿತ್ತು. ಅಪ್ಪ ತನ್ನಷ್ಟಕ್ಕೆ ನಗುತ್ತ, "ನಮ್ಮೂರಾಗ ಇಂಥಾ ಹಾಳ್ಯಾಗ ಶೇಂಗಾ ಕಟ್ಟಿ ಕೊಡ್ತಾರ. ಇಲ್ಲಿ ನೋಡು, ಏನು ಮರ್ಯಾದಿ" ಅಂದ. ನಾನು ಮೂರು ವಾರದ ಮೌನ ಮುರಿದು ಇಂಗ್ಲಿಷಿನಲ್ಲಿ ಕಿರುಚಿದೆ, ನೀನು ಎಲ್ಲರನ್ನೂ ಲೆಕ್ಕದಲ್ಲಿ ಹಾಕಿದೆ, ನನ್ನೊಬ್ಬಳನ್ನು ಬಿಟ್ಟು, ಅಂತ. ಸಿಗ್ನಲ್ಲು ಹಸಿರಾಗಿ ಕಾರು ಮುಂದಕ್ಕೆ ಬಿಡುತ್ತ ಅಪ್ಪ, "ಹಾಕೀನವಾ" ಅಂದ. ನನಗೆ ಅದು ಮಕ್ಕಳ ಬಾಯಿ ಮುಚ್ಚಿಸುವ ಮಾತಿನ ಹಾಗೆ ಕೇಳಿಸಿತು. ಕಿಟಕಿಯ ಕಡೆ ತಿರುಗಿ ಕೂತೆ.

ಆಮೇಲೆ ಮನ್ರೋದಲ್ಲಿ ಮನೆಯಾಯಿತು, ಅವ್ವನಿಗೆ ಬಾಗಿಲು, ತುಳಸಿ ಎರಡೂ ಬಂದವು. ತುಳಸಿ ಚಳಿಗಾಲದಲ್ಲಿ ಒಳಗೆ ಬರುತ್ತಿತ್ತು, ಅಷ್ಟೇ. ಅಪ್ಪ ದಿನಾ ಬಸ್ಸಿನಲ್ಲಿ ನ್ಯೂಯಾರ್ಕಿನ ಕಂಪ್ಯೂಟರ್ ಕೆಲಸಕ್ಕೆ ಹೋಗಿಬಂದ. ಎರಡು ಸಲ ಲೇಆಫ್ ಆಯಿತು, ಎರಡು ಸಲ ಮತ್ತೆ ಕೆಲಸ ಹಿಡಿದ, ನನ್ನ ಕಾಲೇಜು ಮುಗಿಸಿಕೊಟ್ಟ. ಅವನೆಂದೂ ಗೊಣಗಿದ್ದಿಲ್ಲ. ಹೆಬ್ಬೆರಳು ಮಾತ್ರ ಬೆಳ್ಳಗಾಗಿ ಯಾರದೋ ಬೆರಳಿನ ಹಾಗೆ ಕಾಣುತ್ತಿತ್ತು. ನಾನು ಫೀಸಿಲ್ಲದ ಸರಕಾರಿ ಪಬ್ಲಿಕ್ ಸ್ಕೂಲಿನಲ್ಲಿ ಕ್ಯಾಲ್ಕುಲಸ್ ವರೆಗೆ ಓದಿದೆ, ಅಪ್ಪನ ಹತ್ತಿರ ಹಟಕ್ಕೆ ಬಿದ್ದು ಒಂದು ಲೆಕ್ಕವನ್ನೂ ಕೇಳಲಿಲ್ಲ. ಶಾಲೆಯೂ ಮಕ್ಕಳು ಸಾಲದೆ ಮುಚ್ಚಿತು, ಆ ಇಟ್ಟಿಗೆ ಕಟ್ಟಡದಲ್ಲಿ ಈಗ ದಂತವೈದ್ಯರ ಕ್ಲಿನಿಕ್ಕಿದೆ.

ಗ್ಯಾರೇಜಿನಲ್ಲಿ ಕೂತು ಹಾಳೆಗಳನ್ನು ಒಂದೊಂದಾಗಿ ತೆಗೆದೆ. ನೇರಳೆ ಬಣ್ಣ ಬಹುಮಟ್ಟಿಗೆ ಹೋಗಿ ಬರೀ ತಿಳಿ ನೆರಳು ಉಳಿದಿತ್ತು. ಕೆಲವು ಹಾಳೆಗಳಲ್ಲಿ ಶ್ರೀ ಮಾತ್ರ ಕಾಣುತ್ತಿತ್ತು. ತಳದಲ್ಲಿ ಒಂದು ದಪ್ಪ ಹಾಳೆ ಸಿಕ್ಕಿತು, ಅಚ್ಚಾದದ್ದಲ್ಲ, ಮೂಲ ಹಾಳೆ, ಮಷೀನಿಗೆ ಒಂದು ಸಲವೂ ಹಾಕದ್ದು. ಅದರ ಬೆನ್ನಿನ ಮಸಿ ಇನ್ನೂ ಗಾಢವಾಗಿತ್ತು. ಅಪ್ಪ ಹೊಸ ಕ್ಲಾಸಿಗೆ ಸೆಪ್ಟೆಂಬರಿನಲ್ಲಿ ಕೊಡುವ ಮೊದಲ ಹಾಳೆಯನ್ನು ವಸಂತದಲ್ಲೇ ಬರೆದಿಟ್ಟುಕೊಳ್ಳುತ್ತಿದ್ದದ್ದು ಆಗ ನೆನಪಾಯಿತು. ನೆತ್ತಿಯಲ್ಲಿ ಶ್ರೀ. ಏಳನೇ ಕ್ಲಾಸು, ಹಾಳೆ ಒಂದು, ಲೆಕ್ಕ ಒಂದು. "ಗೌರಿ ಮತ್ತು ಅವಳ ಅಪ್ಪ ಬೆಳಿಗ್ಗೆ ಏಳು ಐವತ್ತಕ್ಕೆ ಕಾರಿನಲ್ಲಿ ಶಾಲೆಗೆ ಹೊರಡುತ್ತಾರೆ. ಶಾಲೆ ಹನ್ನೆರಡು ಮೈಲಿ. ಕಾರಿನ ವೇಗ ಗಂಟೆಗೆ ಮೂವತ್ತಾರು ಮೈಲಿ. ಮೂರು ಮೈಲಿ ಹೋದ ಮೇಲೆ ಗೌರಿಗೆ ಊಟದ ಡಬ್ಬಿ ಮರೆತದ್ದು ನೆನಪಾಗುತ್ತದೆ. ಅವರು ಅದೇ ವೇಗದಲ್ಲಿ ಹಿಂದಿರುಗಿ, ಎರಡು ನಿಮಿಷದಲ್ಲಿ ಡಬ್ಬಿ ತೆಗೆದುಕೊಂಡು, ಮತ್ತೆ ಹೊರಡುತ್ತಾರೆ. ಎಂಟು ಇಪ್ಪತ್ತರ ಗಂಟೆ ಬಾರಿಸುವ ಮೊದಲು ಇಬ್ಬರೂ ಮುಟ್ಟುತ್ತಾರೆಯೇ?" ಇಂಗ್ಲಿಷಿನಲ್ಲಿ ಬರೆದದ್ದು, ಆದರೆ ನನಗೆ ಕೇಳಿಸಿದ್ದು ಅವನ ಗದಗಿನ ದನಿಯಲ್ಲಿ.

ವರ್ಷವಿಡೀ ಒದ್ದಾಡಿದವರಿಗೆ ಕೊನೆಯ ಹಾಳೆಯಲ್ಲಿ ಕೊಡುತ್ತಿದ್ದದ್ದನ್ನು ನನಗೆ ಮೊದಲ ಹಾಳೆಯ ಮೊದಲ ಸಾಲಿನಲ್ಲೇ ಕೊಟ್ಟಿದ್ದ, ನಾನು ಇನ್ನೂ ಏನೂ ಮಾಡುವ ಮೊದಲೇ. ಬಿಟ್ಟಿಯಾಗಿ. ಅಪ್ಪ ಮೇಷ್ಟ್ರಾಗಿ ಮಾಡಿದ ಒಂದೇ ಒಂದು ಪಕ್ಷಪಾತ ಅದು. ನಾನು ಅಲ್ಲೇ ನೆಲದ ಮೇಲೆ ಕೂತು ಅತ್ತೆ. ಅವ್ವ ಹಾಳೆ ಕೇಳಿ ತೆಗೆದುಕೊಂಡು, ಕಣ್ಣ ಹತ್ತಿರ ಹಿಡಿದು ಓದಿದಳು. ಆಮೇಲೆ "ಮುಟ್ಟತೀರೇನು, ಗಂಟಿ ಹೊಡಿಯೂದ್ರಾಗ?" ಅಂದಳು. ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ, ಹೋಗಲು ಐದು, ಬರಲು ಐದು, ಡಬ್ಬಿಗೆ ಎರಡು, ಮತ್ತೆ ಇಪ್ಪತ್ತು. "ಇಲ್ಲವ್ವ, ಎರಡು ನಿಮಿಷ ತಡ ಆಗ್ತದ" ಅಂದೆ.

ಸಂಜೆಯ ಬಿಸಿಲಿರುವಾಗಲೇ ಹಿತ್ತಲಲ್ಲಿ, ಅವ್ವನ ತುಳಸಿ ಕುಂಡ ಇರುತ್ತಿದ್ದ ಜಾಗದ ಪಕ್ಕ, ಗುಂಡಿ ತೋಡಿ ಹಾಳೆಗಳನ್ನೆಲ್ಲ ಮಣ್ಣಿಗೆ ಹಾಕಿದೆವು. ಅವ್ವ ಕೈ ಮುಗಿದಳು, ನಾನೂ ಮುಗಿದೆ. ಕೊನೆಗೆ ಆ ದಪ್ಪ ಹಾಳೆಯನ್ನು ನೋಡಿ "ಅದನ್ನ?" ಅಂತ ಕೇಳಿದಳು. ಇದು ಇನ್ನೂ ಹಳೇದಾಗಿಲ್ಲವ್ವ, ಯಾರಿಗೂ ಕೊಟ್ಟೇ ಇಲ್ಲ, ಅಂದು ಎದೆಗೆ ಒತ್ತಿ ಹಿಡಿದುಕೊಂಡೆ. ನನ್ನ ಮನೆಗೆ ಬಂದು ಅನ್ನಕ್ಕೆ ಸಾರು ಹಾಕುವಾಗ ಅವ್ವ ನನ್ನ ಕೈ ಹಿಡಿದು ನಿಲ್ಲಿಸಿದಳು. ಹೆಬ್ಬೆರಳು ನೇರಳೆಯಾಗಿತ್ತು. ಸಾಬೂನು ಹಾಕಿ ತೊಳೆದೇ ಬಂದಿದ್ದೆ.