ನೆತ್ತರು ಸುರಿಯುವವರು ಮೊದಲು

ನಮ್ಮ ದೊಡ್ಡಪ್ಪ ಡಾಕ್ಟರ್ ಬಕ್ಕೇಶಪ್ಪ ಮಿಲಿಟರಿಯಲ್ಲಿ ಸರ್ಜನ್ ಆಗಿದ್ದವರು. ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ದವಾಖಾನೆ ತೆರೆದ ಮೇಲೂ ಅಲ್ಲಿಯ ಕಾನೂನು ಬಿಡಲಿಲ್ಲ: ನೆತ್ತರು ಸುರಿಯುವವರು ಮೊದಲು, ದೊಡ್ಡವರು ಆಮೇಲೆ.

ಐವತ್ತೇಳರಲ್ಲಿ ದೊಡ್ಡಪ್ಪ ಹರಿಹರದಿಂದ ಚುನಾವಣೆಗೆ ನಿಂತಾಗ, ಕೊಕ್ಕನೂರಿನ ಕೆಂಚವೀರಪ್ಪ ಗೌಡ್ರು ಬೆರಳಿಗೆ ಉಗುರುಸುತ್ತು ಅಂತ ಬಂದರು. ಊರಿನ ಓಟೆಲ್ಲ ಅವರ ಕೈಯಲ್ಲಿ. ದೊಡ್ಡಪ್ಪ ಗೌಡ್ರನ್ನು ಬೆಂಚಿನ ಮೇಲೆ ಕೂರಿಸಿ, ಕುಡುಗೋಲು ತಾಗಿದ ಕೂಲಿಯವಳನ್ನು ಒಳಗೆ ಕರೆದರು. ಗೌಡ್ರು ಎದ್ದು ಹೋದರು, ಓಟೂ ಹೋದವು. ದೊಡ್ಡಪ್ಪ ಸೋತರು. ಕಾನೂನು ಮಾತ್ರ ಬದಲಾಗಲಿಲ್ಲ.

ಅರವತ್ತೆರಡರಲ್ಲಿ ಮತ್ತೆ ನಿಂತರು. ಆಗಲೇ ಗೌಡ್ರ ತೊಡೆಗೆ ಎತ್ತು ತಿವಿಯಿತು. ನೆತ್ತರು ಸುರಿಯುತ್ತಿರುವಾಗಲೇ ಲಾರಿಯಲ್ಲಿ ಹಾಕಿಕೊಂಡು ಬಂದರು. ಬೆಂಚಿನ ತುಂಬ ಜನ.

"ನಾನು ಕಾಯ್ತೀನಿ," ಅಂದರು ಗೌಡ್ರು.

"ಇವತ್ತು ನೀವೇ ಮೊದಲು, ಬರ್ರಿ," ಅಂದರು ದೊಡ್ಡಪ್ಪ.

ಹೊಲಿಗೆ ಹಾಕುವಾಗ ಗೌಡ್ರು ತಲೆಯೆತ್ತಿ, "ಈ ಸಲ ನಮ್ಮೂರ ಓಟೆಲ್ಲ ನಿಮಗೇ," ಅಂದರು.

"ಮೊದ್ಲು ಅಲ್ಲಾಡಬ್ಯಾಡ್ರಿ," ಅಂದರು ದೊಡ್ಡಪ್ಪ.