ಮಾನ್ಸೊಕ್‌ನ ತಾಯಿಗೆ ಇಟ್ಟ ಎಡೆ

ನಮ್ಮ ಯಜಮಾನರ ಹೆಸರು ಬ್ಯೋನ್ ಮಾನ್ಸೊಕ್. ತೇಜೋನ್ ರೈಲು ನಿಲ್ದಾಣದ ಹಿಂದಿನ ಬೀದಿಯಲ್ಲಿ ತಲೆ ನೆರೆಯುವವರೆಗೂ ಕ್ಷೌರದಂಗಡಿ ನಡೆಸಿದವರು. ಕತ್ತರಿ ಅವರ ಕೈಯಲ್ಲಿ, ಗಡ್ಡ ಹೆರೆಯುವ ಕತ್ತಿ ನನ್ನ ಕೈಯಲ್ಲಿ. ಮನೆಯಲ್ಲಿ ಯಾರ ಮಾತು ನಡೆಯುತ್ತಿತ್ತು ಎಂದು ಬೇರೆ ಹೇಳಬೇಕಿಲ್ಲ. ಒಂದು ವಿಷಯದಲ್ಲಿ ಮಾತ್ರ ಅವರು ನನಗೆ ಬಗ್ಗುತ್ತಿರಲಿಲ್ಲ. ಈ ನಿಲ್ದಾಣದ ಗದ್ದಲ ಸಾಕು, ಬೇರೆ ಕಡೆ ಅಂಗಡಿ ಹಾಕೋಣ ಎಂದರೆ, "ಹುಡುಕ್ಕೊಂಡು ಬರೋರು ಇಲ್ಲಿಗೇ ಬರೋದು ಕಣೇ" ಎನ್ನುತ್ತಿದ್ದರು. ಗಿರಾಕಿಗಳ ಮಾತು ಎಂದುಕೊಂಡಿದ್ದೆ. ಇನ್ನೊಂದು ಹುಚ್ಚೂ ಇತ್ತು. ಚಳಿಗಾಲದಲ್ಲಿ ಗಾಡಿಯವನು ಸುಟ್ಟ ಗೆಣಸು ಕೊಟ್ಟುಹೋದರೆ, ಹೊರಗೆ ಹೋದ ನಾನು ಬರುವವರೆಗೆ ಅದನ್ನು ಕೈಯಲ್ಲಿ ಹಿಡಿದೇ ಕೂತಿರುತ್ತಿದ್ದರು. ಗೆಣಸು ತಣ್ಣಗಾಗಿ ಕಲ್ಲಾಗಿರುತ್ತಿತ್ತು. "ಗೆಣಸಿಗೂ ಹೆಂಡತಿ ಅಪ್ಪಣೆ ಬೇಕಾ" ಎಂದು ಗಿರಾಕಿಗಳ ಮುಂದೆಯೇ ಆಡಿಕೊಳ್ಳುತ್ತಿದ್ದೆ.

ಕ್ಷೌರದ ಕುರ್ಚಿಯಲ್ಲಿ ಕೂತ ಗಂಡಸಿಗೆ ಬಾಯಿ ಸುಮ್ಮನಿರುವುದಿಲ್ಲ. ಬಂದವರೆಲ್ಲ ಕೇಳುವುದು ಒಂದೇ: "ಬ್ಯೋನ್ ಅಂದ್ರೆ ಯಾವ ಊರಿನ ಬ್ಯೋನ್ ಮನೆತನ?" ಇವರದು ಸಿದ್ಧ ಉತ್ತರ: "ಹ್ವಾಂಗ್ಜು ಬ್ಯೋನ್. ಉತ್ತರದವರು ನಾವು. ಯುದ್ಧದಲ್ಲಿ ಓಡಿಬಂದ್ವಿ, ವಂಶಾವಳಿ ಪುಸ್ತಕ ಎಲ್ಲಾ ಅಲ್ಲೇ ಉಳೀತು." ಉತ್ತರಕ್ಕೆ ಹೋಗಿ ಪರೀಕ್ಷೆ ಮಾಡುವವರು ಯಾರು? ದೇಶ ಎರಡು ಹೋಳಾಗಿ ಗಡಿಗೆ ಬೇಲಿ ಬಿದ್ದು ಎಷ್ಟೋ ವರ್ಷವಾಗಿತ್ತು.

ನಾನು ಅದನ್ನು ನಂಬಿದ್ದು ಮದುವೆಯಾದ ಮೊದಲ ಹೊಸವರ್ಷದವರೆಗೆ. ಉತ್ತರದ ಜನ ಆ ದಿನದ ಸಾರಿಗೆ ಮಾಂಸದ ಕಡುಬು ಹಾಕುತ್ತಾರೆ, ನಮ್ಮ ಕಡೆ ಅಕ್ಕಿಹಿಟ್ಟಿನ ಬಿಲ್ಲೆ. ಗಂಡನಿಗೆ ಹುಟ್ಟೂರಿನ ರುಚಿ ಸಿಗಲಿ ಎಂದು ನಸುಕಿನಲ್ಲೆದ್ದು ಕಡುಬು ಕಟ್ಟಿದೆ. ಅವರು ಬಟ್ಟಲು ನೋಡಿ, "ಇದೇನೇ, ಹಬ್ಬದ ದಿನ ಬಿಲ್ಲೆ ಹಾಕದೆ ಕಡುಬು?" ಎಂದರು. ಆಮೇಲೆ ನಿಧಾನವಾಗಿ ಒಂದೊಂದೇ ಅರ್ಥವಾಯಿತು. ಅವರ ಒಂದು ಮಾತಿಗೂ ಉತ್ತರದ ರಾಗವಿರಲಿಲ್ಲ. ನೆಂಟರೆಂದು ಒಬ್ಬರೂ ಮೆಟ್ಟಿಲು ಹತ್ತಿರಲಿಲ್ಲ. ಇವರು ಯಾರೂ ಇಲ್ಲದ ಮಗು.

ಕೇಳಲಿಲ್ಲ ನಾನು. ಒಮ್ಮೆ ಕುಡಿದು ಬಂದ ಗಿರಾಕಿಯೊಬ್ಬ ಜಗಳದಲ್ಲಿ, "ಬೇರಿಲ್ಲದ ನನ್ಮಗನೇ" ಎಂದು ಬೈದಿದ್ದ. ನಮ್ಮಲ್ಲಿ ಅದು ತಾಯಿಗೆ ಬೈದಂತೆ. ಇವರು ಅಂಗಡಿ ಮುಚ್ಚಿ ಗೋಡೆಗೆ ಮುಖ ಮಾಡಿ ಮಲಗಿದವರು ದಿನಗಟ್ಟಲೆ ಏಳಲಿಲ್ಲ. ಸುಮ್ಮನೆ ಬಾಯಿಗೆ ಬಂದದ್ದು ಬೈದವನ ಮಾತೇ ಹೀಗೆ ಮಾಡಿದರೆ, ಗೊತ್ತಿರುವ ಹೆಂಡತಿಯ ಮಾತು ಏನು ಮಾಡೀತು? ಅಂದಿನಿಂದ ನನಗೆ ಗೊತ್ತಾಗಬಾರದೆಂದು ಅವರ ಹೆದರಿಕೆ, ನನಗೆ ಗೊತ್ತೆಂದು ಅವರಿಗೆ ಗೊತ್ತಾಗಬಾರದೆಂದು ನನ್ನ ಹೆದರಿಕೆ. ಎರಡು ಹೆದರಿಕೆಗಳ ನಡುವೆ ಸಂಸಾರ ಚೆನ್ನಾಗಿಯೇ ನಡೆಯಿತು.

ಹಿರಿಯರ ಎಡೆಯ ದಿನಕ್ಕೂ ಅವರು ಒಂದು ದಾರಿ ಕಂಡುಕೊಂಡಿದ್ದರು. ಎಡೆಯ ಮುಂದೆ ಸತ್ತವರ ಹೆಸರಿನ ಚೀಟಿ ಬರೆದು ನಿಲ್ಲಿಸಬೇಕಲ್ಲ, ತಂದೆಯ ಚೀಟಿಯಲ್ಲಿ ತೊಂದರೆಯೇ ಇಲ್ಲ. ಸರ್ಕಾರಿ ಹುದ್ದೆ ಮಾಡದೆ ಸತ್ತ ಗಂಡಸರಿಗೆಲ್ಲ ಒಂದೇ ಬರಹ, ಹೆಸರೂ ಬೇಡ ಕುಲವೂ ಬೇಡ. ತಾಯಿಯ ಚೀಟಿಗೆ ಮಾತ್ರ ಅವಳ ತವರಿನ ಊರು, ಮನೆತನ ಬರೆಯಲೇಬೇಕು. ಅದಕ್ಕೆ ಇವರು, "ಅಮ್ಮ ಉತ್ತರದಲ್ಲಿ ಬದುಕಿದ್ರೂ ಇರಬೋದು. ಬದುಕಿರೋರಿಗೆ ಎಡೆ ಇಡಬಾರದು" ಎಂದು ತಂದೆಗೆ ಮಾತ್ರ ಇಡುತ್ತಿದ್ದರು. ಯಾರೂ ಎದುರು ಹೇಳುವಂತಿರಲಿಲ್ಲ.

ಹೀಗಿರುವಾಗ ಮಗಳು ಹೇರಾನ್‌ಗೆ ಸಂಬಂಧ ಕೂಡಿಬಂತು. ಹುಡುಗ ಅವಳೇ ಮೆಚ್ಚಿದವನು. ಅವನ ತಂದೆ ಯೊಮ್ ಬ್ಯೋಂಗ್ಹೊ ಆಂದೋಂಗ್ ಕಡೆಯ ನಿವೃತ್ತ ಹೆಡ್‌ಮಾಸ್ಟರು. ಹುಣಸೆಮರಕ್ಕೆ ಮುಪ್ಪಾದರೂ ಹುಳಿಗೆ ಮುಪ್ಪಿಲ್ಲ ಎಂಬಂಥ ಮನುಷ್ಯ. ಹಿರಿಯ ಮಗನಿಗೆ ನೋಡಿದ್ದ ಒಂದು ಸಂಬಂಧವನ್ನು, ಹೆಣ್ಣಿನ ಕಡೆಯ ಪೀಳಿಗೆಯ ಲೆಕ್ಕ ಹೊಂದಲಿಲ್ಲವೆಂದು ಮುರಿದಿದ್ದರಂತೆ. ನಮ್ಮ ಮನೆಗೆ ಬಂದಾಗ ನೇರವಾಗಿಯೇ ಹೇಳಿದರು. "ಆಸ್ತಿ ಕೇಳಲ್ಲ, ಅಂತಸ್ತು ಕೇಳಲ್ಲ. ಸೊಸೆಗೆ ಒಂದು ಬೇರು ಇರ್ಲಿ ಸಾಕು." ಮಾನ್ಸೊಕ್ ನಗುತ್ತ ಅವರಿಗೆ ಮದ್ಯ ಬಗ್ಗಿಸಿದರು. ಬಟ್ಟಲಿನಿಂದ ಹೊರಗೆ ಚೆಲ್ಲಿತು.

ಈ ಬೀಗರು ಪ್ರತಿ ವರ್ಷ ಸುಗ್ಗಿ ಮುಗಿದ ಮೇಲೆ, ತಮ್ಮ ಮನೆತನದ ಹಳೆಯ ಹಜಾರದಲ್ಲಿ ಶನಿವಾರ-ಭಾನುವಾರ ಒಂದು ಶಿಬಿರ ನಡೆಸುತ್ತಿದ್ದರು. ವಂಶದ ಹಿನ್ನೆಲೆ ಹುಡುಕುವ ಹುಚ್ಚಿನವರು ಎಲ್ಲೆಲ್ಲಿಂದಲೋ ಬಂದು ಸೇರುತ್ತಿದ್ದರು. ಈ ಸಲ ನಮ್ಮನ್ನೂ ಕರೆದರು. "ಎರಡೂ ಮನೆ ವಂಶವೃಕ್ಷ ಒಂದೇ ಹಾಳೆ ಮೇಲೆ ಬರೆಯೋಣ ಬೀಗರೇ" ಎಂದರು. ಒಲ್ಲೆನೆಂದರೆ ಅನುಮಾನ, ಹೋದರೆ ಆಪತ್ತು. ಮಗಳು, "ಅಪ್ಪಾ, ಎರಡು ದಿನ ಅಲ್ವಾ, ಹೋಗಿಬರೋಣ" ಎಂದು ಕುಣಿಯುತ್ತಿದ್ದಳು. ಅವಳಿಗೆ ಏನೂ ಗೊತ್ತಿರಲಿಲ್ಲ.

ಶನಿವಾರ ಅಲ್ಲಿ ತಲುಪಿದಾಗ ಹಜಾರದ ತುಂಬ ಜನ. ಒಬ್ಬೊಬ್ಬರೂ ಎದ್ದು ತಮ್ಮ ಊರು, ಮನೆತನ, ಕವಲು, ಎಷ್ಟನೆಯ ತಲೆಮಾರು ಎಂದು ಹೇಳಬೇಕು. ಬಿಳಿಗಡ್ಡದ ಮುದುಕರೊಬ್ಬರಿಗೆ ಕಾಲೇಜು ಓದುವ ಹುಡುಗಿಯೊಬ್ಬಳು ವರಸೆಯಲ್ಲಿ ಅಜ್ಜಿಯಾದಳು. ಅವರು ಮೊಣಕಾಲೂರಿ ಅವಳಿಗೆ ನಮಸ್ಕಾರ ಮಾಡಿ, "ಅಜ್ಜೀ, ಪರೀಕ್ಷೆ ಚೆನ್ನಾಗಿ ಬರ್ದಿದೀರಾ?" ಎಂದಾಗ ಎಲ್ಲರೂ ಬಿದ್ದು ಬಿದ್ದು ನಕ್ಕರು. ಇವರೂ ನಕ್ಕರು. ಆದರೆ ಇವರ ಕೈ ತಾಯಿಯ ಲಂಗದ ಅಂಚು ಹುಡುಕುವ ಮಗುವಿನ ಕೈಯಂತೆ ಚಾಪೆಯನ್ನು ತಡವುತ್ತಿತ್ತು. ಸರದಿ ಬಂದಾಗ ಬಾಯಿಪಾಠ ಒಪ್ಪಿಸಿ ಕೂತರು. ಬೆನ್ನಿನ ಮೇಲೆ ಅಂಗಿ ಒದ್ದೆಯಾಗಿದ್ದು ನನಗೆ ಕಂಡಿತು.

ಊಟಕ್ಕೆ ಮೊದಲು ಬೀಗರ ಪಾಠ. ಎಡೆಯ ಚೀಟಿ ಬರೆಯುವ ಕ್ರಮ ಹೇಳಿಕೊಡುತ್ತಿದ್ದರು. ಯಾರೋ ಒಬ್ಬ ಹೆಂಗಸು, "ಈಗಿನವರು ಬರೀ 'ಅಮ್ಮ' ಅಂತ ಬರೀತಾರಲ್ಲ ಮೇಷ್ಟ್ರೇ, ನಡೆಯುತ್ತಾ?" ಎಂದಳು.

"ಏನಮ್ಮಾ ನಡೆಯೋದು?" ಬೀಗರು ಕನ್ನಡಕ ತೆಗೆದರು. "ಬೀದೀಲಿ ನಿಂತು 'ಅಮ್ಮಾ' ಅಂತ ಕೂಗು, ಎಷ್ಟು ಜನ ತಿರುಗಿ ನೋಡ್ತಾರೆ? ತವರು ಹೇಳದೆ ಕರೆದ್ರೆ ಯಾರ ತಾಯಿ ಬರಬೇಕು? ದಿಕ್ಕಿಲ್ಲದೆ ಅಲೆಯೋ ಪ್ರೇತಗಳೆಲ್ಲ ಬಂದು ನಿಮ್ಮನೆ ಅನ್ನ ಉಂಡು ಹೋಗ್ತವೆ."

ಎಲ್ಲರೂ ನಕ್ಕರು. ಇವರು ನಗಲಿಲ್ಲ.

ಊಟದ ಹೊತ್ತಿಗೆ ಬೀಗರು ಇವರ ಪಕ್ಕದಲ್ಲೇ ಬಂದು ಕೂತರು. "ಅಲ್ಲ ಬೀಗರೇ, ತಾಯಿಯವರು ನಿಮ್ಮನ್ನ ಹೆತ್ತಾಗ ಅವರಿಗೆಷ್ಟು ವಯಸ್ಸು ಅಂದ್ರಿ?"

"ನಲವತ್ತು. ಏಳು ಮಕ್ಕಳಲ್ಲಿ ನಾನೇ ಕೊನೆಯವನು." ಇದು ಎಂದೋ ಹೇಳಿದ ಸುಳ್ಳು. ಮನೆ ತುಂಬ ಜನರಿದ್ದರು ಎಂದು ತೋರಿಸಿಕೊಳ್ಳಲು ಏಳು ಮಕ್ಕಳು, ಏಳು ಮಕ್ಕಳಿಗೆ ಹೊಂದಲೆಂದು ನಲವತ್ತು ವರ್ಷ.

"ನಿಮಗೀಗ ಅರವತ್ತೇಳು. ಅಂದ್ರೆ ತಾಯಿಯವರಿಗೆ ನೂರಾ ಏಳು." ಬೀಗರು ಚಮಚ ಕೆಳಗಿಟ್ಟರು. "ಬೀಗರೇ, ಬೇಜಾರು ಮಾಡ್ಕೋಬೇಡಿ. ಆ ತಾಯಿ ಹಸಿದು ಕಾಯ್ತಾ ಇರ್ತಾರೆ. ನಾಳೆ ಬೆಳಗ್ಗೆ ನಾವೆಲ್ಲ ಒಟ್ಟಿಗೆ ಎಡೆ ಇಡ್ತೀವಿ. ಅವರ ಚೀಟಿನೂ ಬರ್ದುಬಿಡಿ, ಇಷ್ಟು ಜನದ ಮುಂದೆ ಶಾಸ್ತ್ರವಾಗಿ ಆಗ್ಲಿ. ತವರು ಯಾವ ಮನೆತನ?"

ಇವರು ಕೆಮ್ಮಿದರು. ಮಗಳು ನೀರು ಕೊಟ್ಟಳು. "ನಾಳೆ ಹೇಳ್ತೀನಿ" ಎಂದು ಎದ್ದುಹೋದರು. ಸುಳ್ಳು ಹೇಳುವವನಿಗೆ ಕೂಡುವ ಲೆಕ್ಕವಾದರೂ ಬರಬೇಕಿತ್ತು. ನನಗೆ ಅಳುವೂ ಬಂತು, ಸಿಟ್ಟೂ ಬಂತು.

ಹೊತ್ತು ಮುಳುಗುವಾಗ ಹಿತ್ತಲಿನ ಉಪ್ಪಿನಕಾಯಿ ಜಾಡಿಗಳ ಸಾಲಿನ ಹಿಂದೆ ಸಿಕ್ಕರು.

"ಹೊಟ್ಟೆನೋವು ಅಂತ ಹೇಳ್ತೀಯಾ? ಈಗ್ಲೇ ಹೊರಟುಬಿಡೋಣ."

"ಬೀಗರ ಮನೆಯಿಂದ ಕಳ್ಳರ ಹಾಗೆ ಓಡಿದ್ರೆ ಮಗಳ ಗತಿ?"

ನನಗೆ ತಡೆಯಲಾಗಲಿಲ್ಲ. ಗುಟ್ಟಿನ ಅಂಚಿನವರೆಗೆ ಹೋಗಿ ಹೇಳಿದೆ: "ಅತ್ತೆಯವರ ತವರು ಮರೆತಿದ್ರೆ ನಮ್ಮಮ್ಮನ ತವರು ಬರೀರಿ. ಯಾರು ಹೋಗಿ ನೋಡ್ತಾರೆ?"

ಅವರು ಬಹಳ ಹೊತ್ತು ನನ್ನ ಮುಖ ನೋಡಿದರು. ಇವಳಿಗೆ ಎಷ್ಟು ಗೊತ್ತು ಎಂದು ಅಳೆಯುತ್ತಿದ್ದಂತಿತ್ತು. ನಾನು ಜಾಡಿಯ ಮುಚ್ಚಳ ಸರಿಮಾಡಿದೆ. ಕೊನೆಗೆ ಅವರು, "ಹಾಗೆ ಬರೆದ್ರೆ ನಿಮ್ಮಮ್ಮ ಬಂದು ಕೂರ್ತಾಳೆ. ನಮ್ಮಮ್ಮ ಬಾಗಿಲಲ್ಲೇ ನಿಲ್ತಾಳೆ" ಎಂದರು. ಆಗ ನನಗೆ ನಿಜವಾದ ಭಯ ಹತ್ತಿತು. ಬದುಕಿರುವವರಿಗೆಲ್ಲ ಸುಳ್ಳು ಹೇಳಿದ ಈ ಮನುಷ್ಯ, ಸತ್ತ ತಾಯಿಗೆ ಮಾತ್ರ ಹೇಳಲಾರ. ನಾಳೆ ಏನಾಗುವುದೋ.

ಬೆಳಗ್ಗೆ ಹಜಾರದಲ್ಲಿ ಉದ್ದಕ್ಕೆ ಎಡೆ ಜೋಡಿಸಿದ್ದರು. ಎಡೆಯ ಹೊತ್ತಿನಲ್ಲಿ ಬಾಗಿಲಿನ ಒಂದು ಕದ ತೆರೆದಿಡುವುದು ಆ ಮನೆಯ ರೂಢಿ. ಕರೆದ ಹಿರಿಯರು ಒಳಗೆ ಬರಲು ಅಷ್ಟು ಸಾಕು. ಆ ಸಂದಿಯಿಂದ ಚಳಿ ಒಳನುಗ್ಗುತ್ತಿತ್ತು. ಒಬ್ಬೊಬ್ಬರೂ ತಮ್ಮವರ ಚೀಟಿ ಬರೆದು ನಿಲ್ಲಿಸಿದರು. ಇವರು ತಂದೆಯ ಚೀಟಿ ಬರೆದರು. ಆಮೇಲೆ ಬೀಗರು ಹೊಸ ಕಾಗದ ಮುಂದಿಟ್ಟು, ತಾವೇ ಶಾಯಿ ತೇದು, "ಹೂಂ, ಬರೀರಿ ಬೀಗರೇ" ಎಂದರು. ನಾನು ಬೀಗಿತ್ತಿಯ ಜೊತೆ ಅನ್ನದ ಬಟ್ಟಲು ಹಿಡಿದು ಅಡುಗೆಮನೆಯ ಹೊಸ್ತಿಲಲ್ಲಿ ನಿಂತಿದ್ದೆ. ಮಗಳು, ಅಳಿಯನಾಗುವ ಹುಡುಗ, ಊರೂರಿನ ಜನ, ಎಲ್ಲರ ಕಣ್ಣೂ ಆ ಕುಂಚದ ಮೇಲೆ.

ಎಷ್ಟೋ ಸಾವಿರ ತಲೆಗಳ ಮೇಲೆ ಕತ್ತರಿ ಆಡಿಸಿದ ಕೈ, ಆ ಕಾಗದದ ಮೇಲೆ ಒಂದು ಗೆರೆ ಎಳೆಯಲಾರದೆ ಹೋಯಿತು. ಒಂದು ತೊಟ್ಟು ಶಾಯಿ ಬಿದ್ದು ಹರಡಿತು. ಇವರು ಕುಂಚ ಕೆಳಗಿಟ್ಟರು.

"ನಂಗೊತ್ತಿಲ್ಲ" ಎಂದರು.

"ಮರೆತುಹೋಯ್ತಾ?" ಬೀಗರು ಕೇಳಿದರು.

"ಇಲ್ಲ. ಯಾವತ್ತೂ ಗೊತ್ತಿರ್ಲಿಲ್ಲ." ದನಿ ಸಣ್ಣದಾಗಿತ್ತು, ಆದರೂ ಹಜಾರದ ಕೊನೆಯವರೆಗೂ ಕೇಳಿಸಿತು. "ನಾನು ಹ್ವಾಂಗ್ಜು ಅಲ್ಲ. ಬ್ಯೋನ್ ಕೂಡ ಅಲ್ಲ. ನನ್ನನ್ನ ಅನಾಥಾಲಯಕ್ಕೆ ತಂದು ಬಿಟ್ಟ ಪೊಲೀಸಪ್ಪನ ಮನೆತನ ಅದು. ತೇಜೋನ್ ನಿಲ್ದಾಣದಲ್ಲಿ ಅಮ್ಮ ನನ್ನ ಕೈಯಲ್ಲಿ ಒಂದು ಬೇಯಿಸಿದ ಗೆಣಸು ಇಟ್ಟು, ನಾನು ಬರೋವರೆಗೂ ತಿನ್ನಬೇಡ ಅಂದ್ಳು. ನಾನು ತಿಂದುಬಿಟ್ಟೆ. ಅವಳು ಬರ್ಲಿಲ್ಲ. ತಿಂದಿದ್ದಕ್ಕೇ ಬರ್ಲಿಲ್ಲ ಅಂತ..."

ಇಷ್ಟು ವರ್ಷ ನಾನು ಆಡಿಕೊಂಡದ್ದು ಆ ಗೆಣಸನ್ನು. ಮಗಳು ಬಾಯಿಗೆ ಕೈ ಅಡ್ಡ ಹಿಡಿದಿದ್ದಳು. ಇವರು ಬೀಗರ ಕಡೆ ನೋಡಲಿಲ್ಲ, ಮಗಳ ಕಡೆಯೂ ಇಲ್ಲ. ತಲೆಯೆತ್ತಿ ನನ್ನನ್ನು ನೋಡಿದರು. ಏಟು ಬೀಳುವುದಕ್ಕೆ ಕಾಯುವವರಂತೆ ನೋಡಿದರು.

"ಗೊತ್ತು ಕಣ್ರೀ" ಎಂದೆ. "ಮೊದಲ್ನೇ ಹಬ್ಬದ ಕಡುಬಿನಿಂದ ಗೊತ್ತು. ಅತ್ತೆ ಕಾಯ್ತಿದಾರೆ, ಬರೀರಿ."

ಅವರು ಕುಂಚ ಎತ್ತಿಕೊಂಡು, ಶಾಯಿಯ ಕಲೆಯ ಪಕ್ಕದಲ್ಲಿ 'ಅಮ್ಮ' ಎಂದಷ್ಟೇ ಬರೆದರು. ತಂದೆಯ ಚೀಟಿಯ ಪಕ್ಕ ಅದನ್ನು ನಿಲ್ಲಿಸಿ, ಬೀಗರ ಕಡೆ ತಿರುಗಿದರು. "ಅಲೆಯೋರೆಲ್ಲ ಬರ್ತಾರೆ ಅಂದ್ರಲ್ಲ ಮೇಷ್ಟ್ರೇ. ಬರ್ಲಿ. ಅವರಲ್ಲಿ ಒಬ್ಳು ಅವಳೇ ಇರಬೋದು."

ಬೀಗರು ಆ ಚೀಟಿಯನ್ನೇ ನೋಡುತ್ತ ಕೂತರು. ಮುರಿದ ಆ ಹಳೆಯ ಸಂಬಂಧ ನನ್ನ ಕಣ್ಣ ಮುಂದೆ ಬಂತು. ಆಮೇಲೆ ಅವರು ಮೊಣಕಾಲಿಗೆ ಕೈಕೊಟ್ಟು ಎದ್ದು, ಯಾರೊಡನೆಯೂ ಮಾತಾಡದೆ ನೇರವಾಗಿ ಬಾಗಿಲಿಗೆ ಹೋದರು. ಮುಗಿಯಿತು, ನಮಗೆ ದಾರಿ ತೋರಿಸುತ್ತಾರೆ ಎಂದುಕೊಂಡು ನಾನು ಮಗಳ ಕೋಟು ಎಲ್ಲಿದೆಯೆಂದು ಹುಡುಕಿದೆ.

ಬೀಗರು ಮುಚ್ಚಿದ್ದ ಇನ್ನೊಂದು ಕದವನ್ನೂ ಗೋಡೆಯವರೆಗೆ ತಳ್ಳಿ ತೆರೆದರು. ಚಳಿಗಾಳಿ ನುಗ್ಗಿ ದೀಪಗಳು ಬಾಗಿದವು. ಅವರು ಹೊರಗಿನ ಖಾಲಿ ರಸ್ತೆಯ ಕಡೆ ನೋಡುತ್ತ, ನನ್ನ ಪಕ್ಕದಲ್ಲಿದ್ದ ಹೆಂಡತಿಗೆ ಹೇಳಿದರು:

"ಅನ್ನ ಸಾಲಲ್ಲ ಕಣೇ. ಇನ್ನೊಂದಿಷ್ಟು ಬಟ್ಟಲು ತಗೊಂಬಾ."