ಮಗುಚಿಟ್ಟ ಎಲೆಗಳು

ತಕ್ಕಡಿ ರಿಪೇರಿಯವರಿಗೆ ಯಾರ ಮೇಲೂ ನಂಬಿಕೆ ಇರಲಿಲ್ಲ. ಅದಕ್ಕೆ ಅವರನ್ನು ದೂರಿಯೂ ಫಲವಿಲ್ಲ, ದಿನವಿಡೀ ಅವರ ಕೈಗೆ ಬರುತ್ತಿದ್ದದ್ದೇ ಅಂಥ ಸರಕು. ತಟ್ಟೆಯ ಅಡಿಗೆ ಮೇಣ ಮೆತ್ತಿದ ತಕ್ಕಡಿ, ತಳ ಕೊರೆದು ಹಗುರ ಮಾಡಿದ ತೂಕದ ಕಲ್ಲು. "ಅದು ತಾನೇ ಹಾಗಾಯ್ತು" ಎನ್ನುವ ಅಂಗಡಿಕಾರನನ್ನು ಕನ್ನಡಕದ ಮೇಲಿಂದ ನೋಡಿ, "ಹೌದಾ, ಪಾಪ" ಎನ್ನುವರು. ಹೆಂಡತಿ ತೀರಿಕೊಂಡ ಮೇಲಂತೂ ಈ ಗುಮಾನಿ ಅವರ ಜೊತೆ ಅಂಗಡಿಯಿಂದ ಮನೆಗೂ ಬಂದು ಉಳಿಯಿತು. ಮೊಸರಲ್ಲಿ ಕಲ್ಲು ಹುಡುಕುವ ಮನುಷ್ಯ ಎಂದು ನೆಂಟರು ಒಬ್ಬೊಬ್ಬರೇ ಜಾರಿಕೊಂಡರು. ಜಾರದೆ ಉಳಿದವನೆಂದರೆ ಹೆಂಡತಿಯ ತಮ್ಮ, ಬಸ್ ಡ್ರೈವರ್, ಒಬ್ಬನೇ.

ಭಾನುವಾರ ಮಧ್ಯಾಹ್ನ ಅಂಗಡಿಯ ಶಟರ್ ಅರ್ಧ ಇಳಿಸಿ ನಾಲ್ವರು ಪೋಕರ್ ಆಡುತ್ತಿದ್ದರು: ತಕ್ಕಡಿಯವರು, ಭಾವಮೈದುನ, ನಿವೃತ್ತ ಡ್ರಿಲ್ ಮೇಷ್ಟ್ರು, ಹಲ್ಲಿನ ಡಾಕ್ಟರ ಕಾಂಪೌಂಡರ್. ಪಣಕ್ಕೆ ದುಡ್ಡಲ್ಲ, ಹಿತ್ತಾಳೆ ವಾಷರುಗಳು. ಒಬ್ಬೊಬ್ಬರಿಗೆ ಐದೈದು ಎಲೆ. ಧೈರ್ಯವಿದ್ದವನು ಪಣ ಏರಿಸಬೇಕು, ಇಲ್ಲದವನು ಎಲೆ ಮಗುಚಿಟ್ಟು ಆಟ ಬಿಡಬೇಕು. ಇವರದ್ದೇ ಒಂದು ಪದ್ಧತಿಯೂ ಇತ್ತು, ಅದಕ್ಕೆ ಪೋಸ್ಟ್‌ಮಾರ್ಟಂ ಎಂದು ಹೆಸರು. ದೊಡ್ಡ ಆಟ ಸೋತವನು ತನ್ನ ಎಲೆಗಳನ್ನು ಮತ್ತೆ ಬಿಡಿಸಿಡಬೇಕು, ಎಲ್ಲಿ ತಪ್ಪಿದನೆಂದು ಉಳಿದವರು ಹೇಳಬೇಕು. ಆದರೆ ಮಗುಚಿಟ್ಟ ಎಲೆಯನ್ನು ಮಾತ್ರ ಯಾರೂ ಎತ್ತಿ ನೋಡುವಂತಿಲ್ಲ.

ಒಂದು ವಾರ ತಕ್ಕಡಿಯವರು ಮೂರು ರಾಣಿ ಹಿಡಿದು ಸೋತರು. ಭಾವಮೈದುನನ ಕೈಯಲ್ಲಿ ಮೂರು ರಾಜ.

"ಅವನು ಎರಡನೇ ಸಲ ಏರಿಸಿದಾಗ್ಲೇ ನೀವು ಬಿಡಬೇಕಿತ್ತು. ಅವನೇನು ಸುಮ್ಸುಮ್ನೆ ಏರಿಸೋ ಪೈಕಿ ಅಲ್ಲ," ಎಂದರು ಮೇಷ್ಟ್ರು.

"ನನ್ನ ರಾಣಿಗೆ ಸರಿಯಾಗಿ ಅವನಿಗೇ ರಾಜ ಬರಬೇಕಾ?" ಎಂದರು ತಕ್ಕಡಿಯವರು.

ಮಾತು ಅಲ್ಲಿಗೆ ನಿಂತಿತು, ಗುಮಾನಿ ನಿಲ್ಲಲಿಲ್ಲ. ಸೋತ ಆಟಗಳನ್ನೆಲ್ಲ ನೆನಪು ಮಾಡಿಕೊಂಡರೆ, ಗೆದ್ದವರು ಯಾರೇ ಆಗಿರಲಿ, ಎದುರಿಗೆ ಕೂತಿದ್ದದ್ದು ಅದೇ ಮುಖ. ಮರುದಿನ ಅವರು ಭೂತಗನ್ನಡಿ ಹಿಡಿದು ಇಸ್ಪೀಟಿನ ಅಂಚುಗಳಲ್ಲಿ ಉಗುರಿನ ಗುರುತು ಹುಡುಕಿದರು. ಸಿಗಲಿಲ್ಲ. ಅಕ್ಕಸಾಲಿಗರ ಸೂಕ್ಷ್ಮ ತಕ್ಕಡಿ ರಿಪೇರಿಗೆ ಬಂದಿತ್ತು, ಎಲೆಗಳನ್ನು ಒಂದೊಂದಾಗಿ ಅದರಲ್ಲಿ ತೂಗಿಯೂ ನೋಡಿದರು. ಎಲ್ಲದರದ್ದೂ ಒಂದೇ ತೂಕ. ಗುರುತು ಸಿಗದಷ್ಟೂ ಅವನು ಪಕ್ಕಾ ಆಸಾಮಿ ಎಂಬುದು ಅವರಿಗೆ ಖಾತ್ರಿಯಾಯಿತು. ಅವನನ್ನು ಹಿಡಿದರೆ ಆ ನೆಂಟಸ್ತಿಕೆಯೂ ಅಲ್ಲಿಗೆ ಮುಗಿಯಿತು, ಆಮೇಲೆ ಮನೆಬಾಗಿಲು ತಟ್ಟುವವರು ಯಾರೂ ಇರುವುದಿಲ್ಲ. ಅದೂ ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ಹಟ ಬಿಡಲಿಲ್ಲ.

ಮುಂದಿನ ಭಾನುವಾರ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕೂತರು. ಬಂದದ್ದು ಬರೀ ಏಳರ ಜೋಡಿ. ಬೇಕೆಂದೇ ಪಣ ಏರಿಸಿದರು. ಮೇಷ್ಟ್ರು ಬಿಟ್ಟರು, ಕಾಂಪೌಂಡರ್ ಬಿಟ್ಟ. ಭಾವಮೈದುನ ಎಲೆಗಳನ್ನೊಮ್ಮೆ ನೋಡಿ, ಭಾವನ ಮುಖವನ್ನೊಮ್ಮೆ ನೋಡಿ, ಮಗುಚಿಟ್ಟ.

"ಆಟ ನಿಮ್ದು ಭಾವ."

ತಕ್ಕಡಿಯವರ ಕೈ ವಾಷರಿನ ಗುಡ್ಡೆಗೆ ಹೋಗಲಿಲ್ಲ. ಸೀದಾ ಅವನ ಎಲೆಗೆ ಹೋಯಿತು. "ಅದು ಪದ್ಧತಿ ಅಲ್ಲ" ಎಂದು ಮೇಷ್ಟ್ರು ಹೇಳಿ ಮುಗಿಸುವಷ್ಟರಲ್ಲಿ ಐದೂ ಎಲೆ ಮೇಲ್ಮುಖವಾಗಿ ಬಿದ್ದಿದ್ದವು. ಅದರಲ್ಲಿ ಮೂರು ಎಕ್ಕ.

ಮೋಸ ಸಿಕ್ಕಿತು, ಆದರೆ ತಿರುಗುಮುರುಗಾಗಿ: ಗೆಲ್ಲುವ ಎಲೆ ಹಿಡಿದೂ ಅವನು ಆಟ ಬಿಟ್ಟಿದ್ದ. ತಕ್ಕಡಿಯವರು ಇಂಗು ತಿಂದ ಮಂಗನ ಹಾಗೆ ಕೂತರು. ಮೇಷ್ಟ್ರು ನೆಲ ನೋಡುತ್ತಿದ್ದರು. ಕಾಂಪೌಂಡರ್ ಚಪ್ಪಲಿ ಹುಡುಕತೊಡಗಿದ.

"ಎಷ್ಟು ದಿನದಿಂದ ನಡೀತಿದೆ ಇದು?" ಎಂದರು ತಕ್ಕಡಿಯವರು.

"ಅಕ್ಕ ಹೋದಾಗಿಂದ," ಎಂದ ಭಾವಮೈದುನ, ತಲೆ ಎತ್ತದೆ. "ಊಟ ಆಯ್ತಾ ಅಂತ ಕೇಳೋಕೆ ಬಂದ್ರೆ, ಏನು ಹೊತ್ಕೊಂಡು ಹೋಗೋಕೆ ಬಂದೆ ಅಂತಿದ್ರಿ. ಆಟದಲ್ಲಿ ನೀವು ಗೆದ್ದ ದಿನ ಮಾತ್ರ 'ಮುಂದಿನ ವಾರ ಬಾ' ಅಂತಿದ್ರಿ. ನಾನೇನು ಮಾಡ್ಲಿ?"

"ಆ ಮೂರು ರಾಜ?"

"ಅವತ್ತು ಆಸೆ ತಡೀಲಿಲ್ಲ ಭಾವ. ತಪ್ಪಾಯ್ತು."

ತಕ್ಕಡಿಯವರಿಗೆ ಮೊದಲು ಬಂದದ್ದು ಸಿಟ್ಟು. ಗಿರಾಕಿಯ ಕಡೆ ವಾಲಿದರೂ ಅದು ಕಳ್ಳ ತಕ್ಕಡಿಯೇ ಎಂದು ಎಷ್ಟು ಜನರಿಗೆ ಪಾಠ ಹೇಳಿದ್ದರೋ. ಇಷ್ಟು ದಿನ ತಮ್ಮ ಬುದ್ಧಿಯಿಂದ ಗೆದ್ದೆನೆಂದು ಬೀಗಿದ್ದ ಆಟಗಳಲ್ಲಿ ಯಾವುದು ತಮ್ಮದು, ಯಾವುದು ಇವನು ಬಿಟ್ಟುಕೊಟ್ಟದ್ದು? ಸೋತದ್ದನ್ನು ನಾಲ್ವರೂ ಸೇರಿ ಕೆದಕಿದ್ದರು. ಗೆದ್ದದ್ದನ್ನು ಒಮ್ಮೆಯೂ ಯಾರೂ ಕೇಳಿರಲಿಲ್ಲ, ಊರನ್ನೆಲ್ಲ ಅನುಮಾನಿಸುವ ಅವರೂ ಕೇಳಿರಲಿಲ್ಲ. ಸಿಟ್ಟು ಇಳಿದಲ್ಲಿ ನಾಚಿಕೆ ಉಳಿಯಿತು. ಬಾಗಿಲಿಗೆ ಬಂದವನನ್ನು ಕಳ್ಳನೆಂದುಕೊಂಡಿದ್ದರು, ಅವನು ಒಳಗೆ ಬರುವುದಕ್ಕೇ ಪ್ರತಿವಾರ ಸೋಲುತ್ತಿದ್ದ.

ಭಾವಮೈದುನ ಎದ್ದು ಶಟರಿನ ಕೆಳಗೆ ಬಗ್ಗಿದ. ಇನ್ನು ಇವನು ಬರುವುದಿಲ್ಲ ಎಂದು ತಕ್ಕಡಿಯವರಿಗೆ ಅನ್ನಿಸಿತು.

"ನಿಲ್ಲಯ್ಯ," ಎಂದರು. ತಮ್ಮ ಏಳರ ಜೋಡಿಯನ್ನು ಅವನ ಎಕ್ಕಗಳ ಪಕ್ಕದಲ್ಲಿ ಬಿಡಿಸಿಟ್ಟರು. ವಾಷರಿನ ಗುಡ್ಡೆಯನ್ನು ಅವನ ಜಾಗದ ಕಡೆ ತಳ್ಳಿದರು. "ನಾನು ಸೋತೆ. ಮುಂದಿನ ವಾರ ಬಾ. ಎಕ್ಕ ಬಂದ್ರೆ ಬಿಡಬೇಡ."